ಬರಿಮೈ ತಗಡು

ಹರಿಣಿ ಟೆಂಪೋ ಗಾಡಿಯ ಮೈಯ ಹಳೆ ಬಣ್ಣ ಕೆರೆಯಲು ತೊಡಗಿದ ವಾರದಿಂದ ಅವಳ ತಟ್ಟೆಯ ಮೀನು ಸಣ್ಣದಾಗುತ್ತ ಬಂತು. ಬಂಗುಡೆಯ ನಡುತುಂಡು ಹೋಗಿ ಬಾಲ ಬಂತು, ಬಾಲ ಹೋಗಿ ತಲೆ ಬಂತು, ಒಂದು ಭಾನುವಾರ ಬರೀ ಗಸಿ ಬಂತು. ಬಡಿಸುವವಳು ಅತ್ತೆ ಶೀಲಾವತಿ. ಬಾಯಲ್ಲಿ ಹೇಳಬೇಕಾದ್ದನ್ನು ಅವಳು ಮೊದಲು ಸೌಟಿನಲ್ಲಿ ಹೇಳುತ್ತಿದ್ದಳು.

“ತುಂಡು ಮುಗಿಯಿತಾ ಅತ್ತೆ?” ಎಂದು ಹರಿಣಿ ಕೇಳಿದಳು.

“ತಗಡಿನ ಹುಡಿ ತಿಂದು ಬಂದವರಿಗೆ ಮೀನು ಎಂತಕ್ಕೆ? ಹೊಟ್ಟೆ ತುಂಬಿರ್ಬೇಕಲ್ಲ.”

“ದಿನವಿಡೀ ಪೇಂಟ್ ಅಂಗಡಿಯಲ್ಲಿ ನಿಂತು ದುಡಿದು ತರ್ತೇನೆ. ಈ ಮೀನೂ ಅದರದ್ದೇ.”

“ಓಹೋ. ಹಾಗಾದ್ರೆ ಬಿಲ್ಲು ತಾ, ಗೋಡೆಗೆ ಅಂಟಿಸುವ.”

ಹರಿಣಿಯ ಗಂಡ ಧನರಾಜ್ ತಲೆ ಎತ್ತದೆ ಅನ್ನ ಕಲಸಿದ. ಮಾವ ಸದಾನಂದ ತನ್ನ ಪಾಲಿನ ನಡುತುಂಡನ್ನು ಮೊಮ್ಮಗಳು ನಮಿತಾಳ ತಟ್ಟೆಗೆ ಹಾಕಿ ಕೈತೊಳೆಯಲು ಎದ್ದ. ಅವನು ಸೊಸೆಯೊಂದಿಗೆ ಮಾತು ಬಿಟ್ಟು ಆಗಲೇ ಬಹಳ ದಿನ ಕಳೆದಿತ್ತು. ಮಾತು ಬಿಟ್ಟದ್ದು ಗಾಡಿಯ ದೆಸೆಯಿಂದಲೇ.

ಮುಂಬಯಿಯ ಭಾಂಡುಪ್‌ನ ಆ ಹಳೆ ಬಿಲ್ಡಿಂಗಿನಲ್ಲಿ ಅವರದು ಮೂರನೆಯ ಮಾಳಿಗೆ, ಅದರ ಮೇಲೆ ಟೆರೇಸು. ಪ್ರತಿ ಮಳೆಗಾಲವೂ ಟೆರೇಸಿನ ನೀರು ಮುಂದಿನ ಕೋಣೆಯ, ಅಂದರೆ ಹಾಲಿನ, ಮಾಡಿನಿಂದ ತೊಟ್ಟಿಕ್ಕುತ್ತಿತ್ತು. ಅದಕ್ಕೆಂದೇ ಎರಡು ಬಕೆಟ್ಟು ಬೇರೆ ಇದ್ದವು. ಹಾಲಿನಲ್ಲಿ ಅತ್ತೆ, ಮಾವ, ನಮಿತಾ ಮಲಗುವುದು. ಅಡುಗೆಮನೆಯಲ್ಲಿ ಫ್ರಿಜ್ಜಿಗೂ ಗ್ಯಾಸಿನ ಕಟ್ಟೆಗೂ ನಡುವೆ ಹರಿಣಿ ಮತ್ತು ಧನರಾಜ್. ಬೆಳಗ್ಗೆ ಅತ್ತೆ ನೀರು ಕಾಯಿಸಲು ಬರುವ ಮೊದಲು ಹಾಸಿಗೆ ಸುತ್ತಬೇಕು. ಸುತ್ತದಿದ್ದರೆ ಅವಳು ದಾಟಿಕೊಂಡೇ ಹೋಗುತ್ತಾಳೆ, ಕಾಲು ತಾಗಿದರೆ ತಾಗಲಿ ಎಂದು. ಮದುವೆಯಾದಂದಿನಿಂದ ಹರಿಣಿ ಒಂದು ಬಾಗಿಲನ್ನು ಒಳಗಿನಿಂದ ಹಾಕಿಕೊಂಡು ಕೂತದ್ದೆಂದರೆ ಬಚ್ಚಲಲ್ಲಿ ಮಾತ್ರ. ಅಲ್ಲಿಗೂ ಹೊರಗಿನಿಂದ “ಎಷ್ಟು ಹೊತ್ತು ಮಾರಾಯ್ತಿ” ಎಂಬ ಕೂಗು ಬರುತ್ತಿತ್ತು.

ಧನರಾಜ್ ಸಾಂತಾಕ್ರೂಜ್‌ನ ಒಂದು ಹೋಟೆಲಿಗೆ ಮಾರ್ಕೆಟ್ಟಿನಿಂದ ತರಕಾರಿ ತರುವ ಕೆಲಸದವನು. ಹೋಟೆಲಿನವರು ಹೊಸ ಗಾಡಿ ಕೊಂಡಾಗ, ಹಿಂದೆ ಪೆಟ್ಟಿಗೆಯಂಥ ಮೈಯಿದ್ದ ಹಳೆ ಟೆಂಪೋವನ್ನು ಅವನಿಗೇ ಬಿಟ್ಟುಕೊಟ್ಟರು. ಅವನಿಗೆ ಅದನ್ನು ಬಾಡಿಗೆಗೆ ಓಡಿಸುವ ಯೋಚನೆ. ಗಾಡಿ ಬಂದ ದಿನ ಹರಿಣಿ ಹಿಂದಿನಿಂದ ಹತ್ತಿ ನೋಡಿದಳು. ಒಳಗೆ ಕೊಳೆತ ಕೊತ್ತಂಬರಿಯ ನಾತ. ಸುಮ್ಮನೆ ಬಾಗಿಲು ಎಳೆದಳು. ಅದು ಮುಚ್ಚಿಕೊಂಡಿತು. ಹೊರಗೆ ಅತ್ತೆ ಯಾರಿಗೋ ಬೈಯುವುದು ಎಲ್ಲಿಯೋ ದೂರದಲ್ಲಿ ಎಂಬಂತೆ ಕೇಳಿತು. ಹರಿಣಿಗೆ ಅಳು ಬಂದದ್ದು ಸುಖಕ್ಕೋ ನಾತಕ್ಕೋ ಅವಳಿಗೇ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಅವಳು ಪ್ರತಿ ಭಾನುವಾರ ಅದರೊಳಗೇ. ಧನರಾಜ್ ಬಾಡಿಗೆಯ ಯೋಚನೆ ಬಿಟ್ಟು ಅವಳ ಜೊತೆ ಸೇರಿದ. ಪ್ಲೈವುಡ್ಡಿನ ಗೋಡೆ ಕೂರಿಸಿದಳು, ಮಡಚುವ ಮಂಚ ಮಾಡಿಸಿದಳು, ಸಣ್ಣದೊಂದು ಒಲೆ, ಕಿಟಕಿ, ಪರದೆ. ನಮಿತಾ ಅದನ್ನು ಕ್ಯಾಂಪರ್ ಎಂದಳು, ಶೀಲಾವತಿ ಡಬ್ಬ ಎಂದಳು. ರಜೆ ಬಂದರೆ ಕೊಂಕಣದ ದಾರಿ ಹಿಡಿದು ಸಮುದ್ರದ ಬದಿಯಲ್ಲಿ ನಿಲ್ಲಿಸುತ್ತ ಹೋಗುವುದು ಎಂದು ಹರಿಣಿ ಎಲ್ಲರಿಗೂ ಹೇಳಿದಳು. ಹೋಗದ ದಿನವೂ ಗಾಡಿ ಬಿಲ್ಡಿಂಗಿನ ಹಿಂದೆ ನಿಂತಿರುತ್ತದೆ, ಅದಕ್ಕೊಂದು ಬಾಗಿಲಿರುತ್ತದೆ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಆದರೆ ಶೀಲಾವತಿ ಏನು ಕೂಸೇ?

“ಮನೆ ಇದ್ದವರು ಗಾಡಿಯಲ್ಲಿ ಮಲಗುದಾ? ಬಿಲ್ಡಿಂಗಿನವರು ಎಂತ ಹೇಳ್ತಾರೆ ಗೊತ್ತುಂಟಾ? ಶೀಲಾವತಿ ಸೊಸೆಯನ್ನು ಹೊರಗೆ ಹಾಕಿದಳು ಅಂತ.”

“ಹೇಳಲಿ.”

“ಹೇಳಲಿ ಅನ್ಲಿಕ್ಕೆ ನೀನು. ಕೇಳ್ಲಿಕ್ಕೆ ನಾನು.”

ಸದಾನಂದ ಬಾಯಿ ಮಾಡುವವನಲ್ಲ, ಕೆಲಸ ಮಾಡುವವನು. ಏಪ್ರಿಲಿನ ಒಂದು ಬೆಳಗ್ಗೆ ಅವನು ಹಳೆ ಕಬ್ಬಿಣ ಕೊಳ್ಳುವ ಭಂಗಾರದವನನ್ನೇ ಕರೆತಂದು ಗಾಡಿಗೆ ಬೆಲೆ ಕಟ್ಟಿಸತೊಡಗಿದ. ಧನರಾಜ್ ಮೇಲಿನಿಂದ ಅದನ್ನು ನೋಡಿ, ಮೆಟ್ಟಿಲು ಹಾರುತ್ತ ಇಳಿದು ಬಂದು, ಎಲ್ಲರ ಎದುರು ಅಪ್ಪನ ಕೊರಳಪಟ್ಟಿ ಹಿಡಿದ. ಹಿಡಿದು ಗಾಡಿಗೆ ಒತ್ತಿದ. ಅಂಗಿಯ ಗುಂಡಿ ಕಿತ್ತು ಎಲ್ಲಿಯೋ ಬಿತ್ತು.

“ಇನ್ನೊಂದು ಸಲ ಈ ಗಾಡಿಯ ಮೈ ಮುಟ್ಟಿದ್ರೆ ಅಪ್ಪ ಅಂತ ನೋಡುದಿಲ್ಲ ನಾನು!”

ಶೀಲಾವತಿ ಇಬ್ಬರ ನಡುವೆ ನುಗ್ಗಿ ಮಗನ ಕೈ ಬಿಡಿಸಿದಳು. ಆ ಮಧ್ಯಾಹ್ನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಸಂಜೆ ಅವಳೇ ಒಂದು ಕರಾರು ಹಾಕಿದಳು.

“ಮೊದಲ ಮಳೆಗೆ ಆ ಡಬ್ಬದೊಳಗೆ ಒಂದು ಹನಿ ಬಿದ್ರೆ ಅದು ಭಂಗಾರಕ್ಕೆ ಹೋಗ್ಬೇಕು. ಬೀಳದಿದ್ರೆ ಅದರ ವಿಷಯದಲ್ಲಿ ನಾನು ಮತ್ತೆ ಬಾಯಿ ತೆರೆಯುದಿಲ್ಲ. ಆಗ್ಬಹುದಾ?”

“ಆಯ್ತು,” ಎಂದುಬಿಟ್ಟ ಧನರಾಜ್, ಹರಿಣಿಯ ಮುಖವನ್ನೂ ನೋಡದೆ. ಅಪ್ಪನ ಕೊರಳಿಗೆ ಕೈ ಹಾಕಿದವನಿಗೆ ಅಮ್ಮನ ಯಾವ ಮಾತಿಗೂ ಇಲ್ಲ ಎನ್ನುವ ಮುಖ ಅಂದು ಇರಲಿಲ್ಲ.

ಹೀಗೆ ಹರಿಣಿಯ ಆ ಒಂದು ಬಾಗಿಲು ಮೊದಲ ಮಳೆಯ ಕೈಗೆ ಹೋಯಿತು.

ಮಳೆಯನ್ನು ಹೊರಗೇ ನಿಲ್ಲಿಸುವುದು ಹೇಗೆಂದು ಅವಳಿಗೆ ಗೊತ್ತಿತ್ತು. ಅಂಗಡಿಯಲ್ಲಿ ಜೀಪಿನವರು, ಲಾರಿಯವರು ಕೇಳಿಕೊಂಡು ಬರುವ ಟೆಕ್ಸ್ಚರ್ ಕೋಟಿಂಗ್ ಒಂದಿದೆ. ದೊಡ್ಡ ಡಬ್ಬಿಗೆ ಸಣ್ಣ ಡಬ್ಬಿಯದನ್ನು ಬೆರೆಸಿದರೆ ಉದ್ದಿನ ಹಿಟ್ಟಿನಷ್ಟು ದಪ್ಪ. ಗುಳಿಗುಳಿ ರೋಲರಿನಲ್ಲಿ ಹಚ್ಚಿದರೆ ಒಣಗಿದ ಮೇಲೆ ಮರಳು ಹಾಕಿದ ರಬ್ಬರಿನ ಹಾಗೆ ಒರಟು. ಕಲ್ಲು ಹಾರಿದರೂ ಕೀಳದು, ಉಪ್ಪುಗಾಳಿ ತಾಗದು, ತಗಡಿನ ಸಂದುಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ.

“ಆಯಿಲ್ ಪೇಂಟ್ ಹೊಡೆದು ಮುಗಿಸು ಮಾರಾಯ್ತಿ,” ಎಂದ ಧನರಾಜ್.

“ಒಂದು ಮಳೆಗಾಲಕ್ಕೆ ಗುಳ್ಳೆ ಏಳ್ತದೆ. ಇದು ಹಿಡಿದ್ರೆ ಹಿಡೀತು, ಹತ್ತು ವರ್ಷ ಅಲುಗುದಿಲ್ಲ.”

“ಹಿಡಿಯದಿದ್ರೆ?”

“ಯಾಕೆ ಹಿಡಿಯುದಿಲ್ಲ? ಹಳೆ ಬಣ್ಣ ಪೂರಾ ಕೆರೆದು ತಗಡನ್ನು ಒರಟು ಮಾಡ್ತೇನೆ. ಎಣ್ಣೆ ಜಿಡ್ಡು ಇಲ್ಲದ ಹಾಗೆ ಥಿನ್ನರಿನಲ್ಲಿ ಒರೆಸ್ತೇನೆ. ಮತ್ತೆಂತ ಬೇಕು ಅದಕ್ಕೆ?”

ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಅವಳು ಏಪ್ರಿಲಿನ ಉರಿಯಲ್ಲಿ ಉಜ್ಜಿದಳು. ಹೋಟೆಲಿನ ಹೆಸರು ಹೋಯಿತು, ಹಸಿರು ಬಣ್ಣ ಹೋಯಿತು, ಅದರಡಿಯ ಕೆಂಪೂ ಹೋಯಿತು. ಸದಾನಂದ ಗ್ಯಾಲರಿಯ ಸರಳು ಹಿಡಿದು ನಿಂತು ಅದನ್ನು ನೋಡುತ್ತಿದ್ದ. ಒಮ್ಮೆ ಹೆಂಡತಿಯ ಹತ್ತಿರ, ಸೊಸೆಗೆ ಕೇಳುವಂತೆ, “ಬರಿಮೈ ಮಾಡಿ ನಿಲ್ಲಿಸಿದ್ದಾಳೆ,” ಎಂದ. ಹರಿಣಿ ಅದನ್ನು ಬೈಗುಳದ ಲೆಕ್ಕಕ್ಕೆ ಸೇರಿಸಿದಳು.

ಸದಾನಂದನಿಗೆ ಕಬ್ಬಿಣದ ವಿಷಯದಲ್ಲಿ ಅವನದೇ ಮಡಿ. ಸಾಂತಾಕ್ರೂಜ್‌ನ ಅದೇ ಹೋಟೆಲಿನಲ್ಲಿ ಅವನು ಜೀವಮಾನವಿಡೀ ದೋಸೆ ಕಾವಲಿಯ ಮುಂದೆ ನಿಂತವನು. ಮನೆಯ ಕಾವಲಿಯನ್ನೂ ಬೇರೆ ಯಾರೂ ಮುಟ್ಟುವಂತಿಲ್ಲ. ರಾತ್ರಿ ಅವನೇ ಅದನ್ನು ತಿಕ್ಕಿ, ಬೆಂಕಿಯಲ್ಲಿ ಒಣಗಿಸಿ, ಬಿಸ್ಕೆಟಿನ ಡಬ್ಬಿಯಲ್ಲಿಟ್ಟ ಎಣ್ಣೆಬಟ್ಟೆಯಿಂದ ಕಂಡೂ ಕಾಣದಷ್ಟು ತೆಳ್ಳಗೆ ಒರೆಸಿ ಇಡಬೇಕು. ಮಳೆಗಾಲ ಹತ್ತಿರ ಬಂದರಂತೂ ಹೆರೆಮಣೆ, ಕಿಟಕಿಯ ಸರಳು, ಬಾಗಿಲ ಚಿಲಕ ಯಾವುದನ್ನೂ ಬಿಡುವವನಲ್ಲ. ಹರಿಣಿಯ ಎರಡು ಚೂಡಿದಾರ್ ಆ ಚಿಲಕದ ಎಣ್ಣೆಗೇ ಹಾಳಾಗಿದ್ದವು. ಮನೆಯಲ್ಲಿ ಅದೂ ಒಂದು ಜಗಳ, ಹಳೆಯದು.

ಮೇ ತಿಂಗಳ ಒಂದು ಶನಿವಾರ ಸಂಜೆ ಹರಿಣಿ ಗಾಡಿಯನ್ನು ಥಿನ್ನರಿನಿಂದ ಒರೆಸಿ, ತಾಡಪತ್ರಿ ಹೊದಿಸಿ, ಚಪಾತಿ ಲಟ್ಟಿಸಲು ಮೇಲೆ ಬಂದಳು. ಭಾನುವಾರ ಬೆಳಗ್ಗೆಯೇ ಗಂಡ ಹೆಂಡತಿ ಡಬ್ಬಿ ಬೆರೆಸಿದರು. ಬೆರೆಸಿದ ಮೇಲೆ ಅದು ಕಾಯುವುದಿಲ್ಲ, ಗಟ್ಟಿಯಾಗತೊಡಗುತ್ತದೆ. ಮಾತಾಡಲೂ ಬಿಡುವಿಲ್ಲದಂತೆ ಇಬ್ಬರೂ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಗಾಡಿ ಬೂದಿ ಬಣ್ಣದ ಆನೆಯ ಮೈಯಂತೆ ಒರಟೊರಟಾಗಿ ನಿಂತಿತ್ತು. ಎರಡನೆಯ ಮಾಳಿಗೆಯ ರೂಪಾಲಿ ಕೂಡ ಇಳಿದು ಬಂದು ಮುಟ್ಟಿ ನೋಡಿ ಮರಾಠಿಯಲ್ಲಿ ಹೊಗಳಿದಳು. ಅಂದಿನ ಊಟಕ್ಕೆ ಹರಿಣಿ ಅತ್ತೆಯ ಕೈಯಿಂದ ಸೌಟು ಕಿತ್ತುಕೊಂಡು ತಾನೇ ನಡುತುಂಡು ಬಡಿಸಿಕೊಂಡಳು.

ಗೆಲುವು ಒಂದು ವಾರ ನಿಂತಿತು.

“ಮಮ್ಮಿ, ಯೇ ತೊ ನಿಕಲ್ ರಹಾ ಹೈ,” ಎಂದಳು ನಮಿತಾ, ಮುಂದಿನ ಶನಿವಾರ. “ನೋಡು, ಸ್ಟಿಕರ್ ತರ ಬರ್ತದೆ.”

ಬಾಗಿಲ ಮೂಲೆಯಲ್ಲಿ ಎದ್ದ ಅಂಚನ್ನು ಹುಡುಗಿ ಎಳೆದಿದ್ದಳು. ಹರಿಣಿ ಅದನ್ನು ಹಿಡಿದು ಇನ್ನಷ್ಟು ಎಳೆದಳು. ಅಂಗೈಯಗಲದ್ದು ಮೊಳದಗಲವಾಗಿ, ಎಲ್ಲೂ ಹರಿಯದೆ, ಇಡೀ ಹಾಳೆಯೇ ಎದ್ದು ಬಂತು. ಹಿಂಬದಿ ನುಣ್ಣಗೆ ಹೊಳೆಯುತ್ತಿತ್ತು. ಅವಳು ಮೂಗಿನ ಬಳಿ ಹಿಡಿದಳು. ತೆಂಗಿನೆಣ್ಣೆ.

ಕಳೆದ ಶನಿವಾರ ಅವಳು ಒರೆಸಿದ ಮೇಲೆ ಗಾಡಿಯ ಹತ್ತಿರ ಕೂತಿದ್ದವರು ಯಾರು? ಶನಿವಾರ ಸಂಜೆ ಹಿಂದಿನ ಮೆಟ್ಟಿಲಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುವವರು ಯಾರು? ಅತ್ತೆಯೇ. ಹರಿಣಿಗೆ ಮತ್ತೆ ಯೋಚಿಸಬೇಕೆಂದು ಅನ್ನಿಸಲಿಲ್ಲ.

ಆ ಹಾಳೆಯನ್ನು ಹಿಡಿದುಕೊಂಡೇ ಮೂರು ಮಾಳಿಗೆ ಹತ್ತಿದಳು. ಗ್ಯಾಲರಿಯಲ್ಲಿ ಶೀಲಾವತಿ, ರೂಪಾಲಿ, ಇನ್ನಿಬ್ಬರು ಹೆಂಗಸರು ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದರು.

“ಇದನ್ನು ಮೂಸಿ ನೋಡಿ ಅತ್ತೆ.”

“ಎಂತದು?”

“ಮೂಸಿ!”

ಶೀಲಾವತಿ ಮೂಸಿದಳು. ಒಂದು ಗಳಿಗೆ ಅವಳ ಬಾಯಿ ತೆರೆದೇ ಇತ್ತು. ತಿರುಗಿ ಅಡುಗೆಮನೆಯ ಕಡೆ ನೋಡಿದಳು. ಮನೆಯೊಳಗೆ ಯಾರೂ ಇರಲಿಲ್ಲ. ಸದಾನಂದ ಸಂಜೆಯಾದರೆ ಸ್ಟೇಷನ್ ಹತ್ತಿರ ಹಳೆ ಜೊತೆಗಾರರೊಂದಿಗೆ ಚಹಾ ಕುಡಿಯಲು ಹೋಗುತ್ತಾನೆ.

“ನನ್ನ ಮಗಳ ತಲೆಗೆ ಹಚ್ಚುವ ಎಣ್ಣೆಯಲ್ಲೇ ನನ್ನ ಹೊಟ್ಟೆಗೆ ಹೊಡೆದ್ರಲ್ಲ! ಇಷ್ಟು ದಿನ ಕೈಯ ಚರ್ಮ ಹೋಗುವಷ್ಟು ಉಜ್ಜಿದ್ದೇನೆ ನಾನು. ನೋಡ್ತಾ ಕೂತಿದ್ರಿ, ನೋಡಿ ನೋಡಿ ಹಚ್ಚಿದ್ರಿ!”

“ಮೆಲ್ಲ ಮಾತಾಡು. ಜನ ಉಂಟು.”

“ಇರಲಿ ಜನ! ಕೇಳಲಿ!”

ಗಲಾಟೆ ಕೇಳಿ ಧನರಾಜ್ ಕೆಳಗಿನಿಂದ ಓಡಿ ಬಂದ. ಹೆಂಡತಿಯ ಕೈಯಲ್ಲಿದ್ದುದನ್ನು ಕಂಡೊಡನೆ ಅವನ ಮುಖ ಕಪ್ಪಿಟ್ಟಿತು.

“ಯಾರು ಮಾಡಿದ್ದು ಇದು? ಹೇಳಿ, ಯಾರು?”

“ನಾನು,” ಎಂದಳು ಶೀಲಾವತಿ.

ಅವಳು ಮಡಿಲ ಸೊಪ್ಪನ್ನು ಮೊರಕ್ಕೆ ಸುರಿದು ಎದ್ದು ನಿಂತಳು. “ನಾನೇ ಹಚ್ಚಿದ್ದು. ಆ ಡಬ್ಬ ನನಗೆ ಬೇಡ, ಅದಕ್ಕೆ ಹಚ್ಚಿದೆ. ಎಂತ ಮಾಡ್ತಿ? ನನ್ನ ಕುತ್ತಿಗೆ ಹಿಡೀತಿಯಾ? ಹಿಡಿ.”

ಧನರಾಜ್ ಕೈ ಮುಷ್ಟಿ ಮಾಡಿಕೊಂಡು ನಿಂತ. ಆಮೇಲೆ ಗೋಡೆಗೆ ಒಂದು ಗುದ್ದು ಗುದ್ದಿ ಕೆಳಗೆ ಹೋದ. ಹರಿಣಿ ಹೋಗಲಿಲ್ಲ.

“ನಾಳೆಯಿಂದ ನನ್ನ ಮಗಳ ತಲೆಗೆ ನಿಮ್ಮ ಕೈ ತಾಗಬಾರದು. ವಿಷದ ಕೈ ಅದು.”

ಹೇಳಿದ ಮೇಲೆ ಹೆಚ್ಚಾಯಿತೆಂದು ಅವಳಿಗೇ ಅನ್ನಿಸಿತು. ಆದರೆ ಮಾತು ಆಡಿಯಾಗಿತ್ತು, ರೂಪಾಲಿ ಕೇಳಿಯಾಗಿತ್ತು. ರೂಪಾಲಿಗೆ ಕನ್ನಡ ಬಾರದಿದ್ದರೂ ಜಗಳಕ್ಕೆ ಬೇಕಾದಷ್ಟು ಬರುತ್ತಿತ್ತು.

ಅಲ್ಲಿಂದ ಮನೆಯಲ್ಲಿ ಎರಡು ಅಡುಗೆ ಶುರುವಾಯಿತು. ಬೆಳಗ್ಗೆ ಹರಿಣಿಯದು, ಅವಳು ಅಂಗಡಿಗೆ ಹೋದ ಮೇಲೆ ಶೀಲಾವತಿಯದು. ಉಪ್ಪಿನ ಡಬ್ಬಿ ಸಹ ಬೇರೆಯಾಯಿತು. ಬೇರೆ ಮಾಡಿದ್ದು ಅತ್ತೆ: “ವಿಷದ ಕೈ ತಾಗಿದ ಉಪ್ಪು ನಿಮಗೆ ಬೇಡ.” ನಮಿತಾ ಎರಡು ಕಡೆಯೂ ಉಂಡು ಎರಡು ಕಡೆಯೂ ಬೈಸಿಕೊಂಡಳು. ಶನಿವಾರ ಬಂದರೆ ಹುಡುಗಿಯ ಕೂದಲು ಒಣಗಿ ಸಿಕ್ಕಾಗಿರುತ್ತಿತ್ತು. ಹರಿಣಿ ಬಾಚಿದರೆ ಅವಳು ಕಿರುಚುತ್ತಿದ್ದಳು: “ಅಜ್ಜಿ ಮಾಡಿದರೆ ದುಖ್ತಾ ನಹೀಂ, ನೋಯುದೇ ಇಲ್ಲ!”

ಸದಾನಂದನಿಗೆ ಇಷ್ಟೆಲ್ಲ ಯಾಕೆಂದು ಯಾರೂ ಬಿಡಿಸಿ ಹೇಳಲಿಲ್ಲ. ಬಣ್ಣ ಕಿತ್ತುಬಂದದ್ದಕ್ಕೆ ಅತ್ತೆ ಸೊಸೆಗೆ ಮಾತಾಯಿತು ಎಂದಷ್ಟೇ ಅವನಿಗೆ ಗೊತ್ತು. “ಅಂಗಡಿಯ ಮಾಲೇ ಖೋಟಾ,” ಎಂದು ಗೋಡೆಗೆ ಹೇಳಿ ಕಾವಲಿ ತಿಕ್ಕಲು ಕೂತ.

ಹರಿಣಿ ಸೋಲು ಒಪ್ಪಲಿಲ್ಲ. ಕಿತ್ತು ಬರುವುದನ್ನೆಲ್ಲ ಕಿತ್ತು, ಕಿತ್ತು ಬಾರದ್ದನ್ನು ಕೆರೆದು, ಮತ್ತೆ ಉಜ್ಜಿದಳು. ಅಂಗಡಿಯ ಧಣಿಗೆ ಹೇಳಿ ಎರಡನೆಯ ಸಲ ಡಬ್ಬಿ ತಂದಳು. ಅಷ್ಟರಲ್ಲಿ ಮೇ ಮುಗಿದು ಆಕಾಶಕ್ಕೆ ಕಪ್ಪು ಸೇರತೊಡಗಿತ್ತು. ಬಿಲ್ಡಿಂಗಿನವರು ಕಿಟಕಿಗಳಿಗೆ ಪ್ಲಾಸ್ಟಿಕ್ ಕಟ್ಟುತ್ತಿದ್ದರು. ಶನಿವಾರ ಸಂಜೆ ತಗಡು ಒರೆಸಿದಳು, ಹೊದಿಸಿದಳು. ಈ ಸಲ ಅತ್ತೆಯ ಮೇಲೆ ಕಣ್ಣಿಟ್ಟೇ ಇದ್ದಳು. ಅತ್ತೆ ಹಾಲಿನಿಂದ ಕದಲಲಿಲ್ಲ.

ಭಾನುವಾರ ಬೆಳ್ಳಂಬೆಳಗ್ಗೆ ರೋಲರ್, ಡಬ್ಬಿ ಹೊತ್ತುಕೊಂಡು ಹರಿಣಿ ಒಬ್ಬಳೇ ಇಳಿದಳು. ತಾಡಪತ್ರಿಯ ಕೆಳಗೆ ಎರಡು ಕಾಲು ಕಂಡವು, ಪಂಚೆಯ ಅಂಚು, ಸವೆದ ಹವಾಯಿ ಚಪ್ಪಲಿ. ಅವಳು ತಾಡಪತ್ರಿ ಎತ್ತಿದಳು. ಸದಾನಂದ ಬಿಸ್ಕೆಟಿನ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಎಣ್ಣೆಬಟ್ಟೆಯಿಂದ ತಗಡನ್ನು ಒರೆಸುತ್ತಿದ್ದ. ಎಷ್ಟು ಹದವಾಗಿ, ಎಷ್ಟು ತೆಳ್ಳಗೆ! ಕೈ ಹೋದ ದಾರಿಯಲ್ಲಿ ಏನೂ ಕಾಣುತ್ತಲೇ ಇರಲಿಲ್ಲ.

“ಮಾವ, ಎಂತ ಮಾಡ್ತಾ ಇದ್ದೀರಿ?”

ಅವನು ಬೆಚ್ಚಿದ. ಮೊದಲು ನೋಡಿದ್ದು ಅವಳ ಹಿಂದೆ, ಮಗ ಬಂದನೋ ಎಂದು. ಆಮೇಲೆ, ಅಷ್ಟು ದಿನದ ನಂತರ ಮೊದಲ ಸಲ ಸೊಸೆಯೊಂದಿಗೆ ಮಾತಾಡಿದ. ಅದೂ ಗದರಿಕೊಂಡೇ.

“ಕಬ್ಬಿಣವನ್ನು ಹೀಗೆ ಬರಿಮೈ ಬಿಟ್ಟು ಹೋಗುದಾ? ಗಾಳಿಯಲ್ಲಿ ನೀರಿನ ಪಸೆ ಉಂಟು. ಬೆಳಗಾಗುವಾಗ ತುಕ್ಕು ಕೂತಿರ್ತದೆ. ಅಷ್ಟು ಗೊತ್ತಾಗುದಿಲ್ವಾ ನಿನಗೆ?”

“ಕಳೆದ ಸಲವೂ ನೀವೇ ಹಚ್ಚಿದ್ದಾ?”

“ಮತ್ತೆ ಯಾರು ಹಚ್ತಾರೆ? ನಿನಗೂ ಬುದ್ಧಿ ಇಲ್ಲ, ನಿನ್ನ ಗಂಡನಿಗೂ ಇಲ್ಲ. ಗಾಡಿ ನನಗೆ ಬೇಡ. ಆದ್ರೆ ಕಣ್ಣೆದುರು ಕಬ್ಬಿಣ ಹಾಳಾಗುದನ್ನು ನೋಡ್ಲಿಕ್ಕೆ ಆಗುದಿಲ್ಲ ನನಗೆ.”

ಹರಿಣಿಗೆ ಕೂಗಬೇಕೆನಿಸಿತು. ಆ ಡಬ್ಬಿಯನ್ನು ಕಿತ್ತು ಗಟಾರಕ್ಕೆ ಎಸೆಯಬೇಕೆನಿಸಿತು. ಅವಳ ತಿಂಗಳ ಬೆವರು, ಅವಳ ಮಗಳ ಜಡೆ, ಅವಳ ಬಾಯಿಂದ ಬಂದ ಆ ಮಾತು, ಎಲ್ಲ ಈ ಎಣ್ಣೆಬಟ್ಟೆಯ ದೆಸೆಯಿಂದ.

“ಅದು ಎಣ್ಣೆಗೇ ಬಿಟ್ಟು ಬಂದದ್ದು ಮಾವ,” ಎಂದಳು, ಹಲ್ಲು ಕಚ್ಚಿಕೊಂಡು. “ಮಾಲು ಖೋಟಾ ಅಲ್ಲ. ನಿಮ್ಮ ಎಣ್ಣೆ.”

ಸದಾನಂದ ಕೈಯ ಬಟ್ಟೆ ನೋಡಿದ, ತಗಡು ನೋಡಿದ. ಬೇರೆ ಯಾರಿಗಾದರೂ ಬಿಡಿಸಿ ಹೇಳಬೇಕಾಗುತ್ತಿತ್ತು, ಅವನಿಗೆ ಬೇಕಾಗಲಿಲ್ಲ. ಮೆತ್ತಿದ ಹಿಟ್ಟು ಅಂಟದೆ ಎದ್ದು ಬರಲೆಂದೇ ಅವನು ಜೀವಮಾನವಿಡೀ ಕಬ್ಬಿಣಕ್ಕೆ ಎಣ್ಣೆ ಸವರಿದವನು.

“ಹೌದಲ್ಲ,” ಎಂದ ಸಣ್ಣ ದನಿಯಲ್ಲಿ. “ಎಣ್ಣೆ ಸವರಿದ ಮೇಲೆ ಯಾವುದು ಹಿಡಿದು ನಿಲ್ತದೆ?”

ಅವನ ಕೈ ತಾನಾಗಿ ಕೊರಳಪಟ್ಟಿಗೆ ಹೋಯಿತು, ಗುಂಡಿ ಇದ್ದ ಜಾಗಕ್ಕೆ. “ಧನುವಿಗೆ ಹೇಳ್ಬೇಡ.”

ಹರಿಣಿ ತಲೆ ಎತ್ತಿದಳು. ಮೂರನೆಯ ಮಾಳಿಗೆಯ ಗ್ಯಾಲರಿಯಲ್ಲಿ ಶೀಲಾವತಿ ನಿಂತಿದ್ದಳು, ಸರಳುಗಳನ್ನು ಎರಡೂ ಕೈಯಿಂದ ಹಿಡಿದುಕೊಂಡು. ಮೆಟ್ಟಿಲಲ್ಲಿ ಧನರಾಜ್ ಆಕಳಿಸುತ್ತ ಇಳಿದು ಬರುವ ಸದ್ದು ಕೇಳಿಸಿತು.

ಹರಿಣಿ ಮಾವನ ಕೈಯಿಂದ ಬಟ್ಟೆಯನ್ನೂ ಡಬ್ಬಿಯನ್ನೂ ಕಸಿದುಕೊಂಡು ತನ್ನ ಚೀಲಕ್ಕೆ ತುರುಕಿದಳು.

“ಇವರೆಂತ ಇಲ್ಲಿ?” ಧನರಾಜ್‌ನ ಹುಬ್ಬು ಗಂಟಾಯಿತು.

“ಹಾಲು ತರ್ಲಿಕ್ಕೆ ಹೊರಟದ್ದು. ನಿಲ್ಬೇಡ, ಮೇಲಿಂದ ಥಿನ್ನರ್ ತಾ. ಇನ್ನೊಂದು ಸಲ ಒರೆಸ್ಬೇಕು.”

“ನಿನ್ನೆ ಒರೆಸಿದಿಯಲ್ಲ?”

“ಒರೆಸಿದ್ದು ಸಾಕಾಗ್ಲಿಲ್ಲ. ತಾ ಅಂದೆನಲ್ಲ!”

ಎರಡು ಸಲ ಥಿನ್ನರಿನಲ್ಲಿ, ಒಂದು ಸಲ ಪಾತ್ರೆ ಸೋಪಿನಲ್ಲಿ, ಮತ್ತೆ ಥಿನ್ನರಿನಲ್ಲಿ ಒರೆಸಿ, ಒಣಗಿದ ಮೇಲೆ ಡಬ್ಬಿ ಬೆರೆಸಿದಳು.

ಮಧ್ಯಾಹ್ನ ಶೀಲಾವತಿ ಹೆರೆಮಣೆಯ ಮೇಲೆ ಕೂತು ಕಾಯಿ ಹೆರೆಯುತ್ತಿದ್ದಳು. ಹರಿಣಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಯಾಕೆ ಸುಳ್ಳು ಹೇಳಿದ್ದು ಅತ್ತೆ?”

“ಯಾವ ಸುಳ್ಳು?”

“ಗೊತ್ತುಂಟು ನಿಮಗೆ.”

ಕಾಯಿ ಹೆರೆಯುವುದು ನಿಲ್ಲಲಿಲ್ಲ. “ಅವರ ಕೊರಳಿಗೆ ಒಂದು ಸಲ ಕೈ ಹಾಕಿದವನು ಅವನು. ನನ್ನ ಕೊರಳಿಗೆ ಹಾಕುವ ಧೈರ್ಯ ಅವನಿಗಿಲ್ಲ. ಅಷ್ಟೇ. ನಿನ್ನ ಹತ್ತಿರ ಹೇಗೂ ಒಳ್ಳೆ ಹೆಸರಿರಲಿಲ್ಲ ನನಗೆ. ಹೋಗ್ಲಿಕ್ಕೆ ಎಂತ ಉಂಟು?”

“ನಾನು ಆ ದಿನ ಹೇಳಿದ್ದು...”

“ಎಲ್ಲರ ಎದುರು ಹೇಳಿದ್ದಿ. ಎಲ್ಲರ ಎದುರೇ ತಿರುಗಿ ಹೇಳ್ತಿಯಾ?”

ರೂಪಾಲಿಯ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಧನರಾಜ್‌ನ ಕಿವಿಗೆ ಬೀಳುತ್ತದೆ.

“ಆಗುದಿಲ್ಲಲ್ಲ? ಹಾಗಾದ್ರೆ ಬಾಯಿ ಮುಚ್ಚು. ಇಬ್ಬರೂ ಮುಚ್ಚುವ.”

ಮುಂದಿನ ಶನಿವಾರ ಹರಿಣಿ ಮಗಳನ್ನು ಹಾಲಿಗೆ ಕರೆತಂದು, ಬಾಚಣಿಗೆಯನ್ನೂ ಎಣ್ಣೆಯ ಬಾಟಲಿಯನ್ನೂ ಅತ್ತೆಯ ಮುಂದಿಟ್ಟಳು. ಶೀಲಾವತಿ ಬಾಟಲಿಯನ್ನು ನೋಡಿದಳು, ಮೊಮ್ಮಗಳ ಸಿಕ್ಕುಗೂದಲನ್ನು ನೋಡಿದಳು. ಅವಳ ಬೆರಳುಗಳು ಮಡಿಲಲ್ಲಿ ಒಮ್ಮೆ ಅಲುಗಿದವು.

“ತೆಗೆದುಕೊಂಡು ಹೋಗು. ಜನ ನೋಡಿದ್ರೆ ಕೇಳ್ತಾರೆ, ವಿಷ ಯಾವಾಗ ಇಳಿಯಿತು ಅಂತ.”

ಹರಿಣಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಹೊರಗಿನಿಂದ ಈ ಸಲ ಯಾರೂ ಕೂಗಲಿಲ್ಲ.

ಮಳೆ ಬಂದದ್ದು ಒಂದು ಭಾನುವಾರ ಮಧ್ಯಾಹ್ನ, ಊಟದ ಹೊತ್ತಿಗೆ. ಮೊದಲು ಧೂಳು, ಆಮೇಲೆ ಮುಂಬಯಿಯ ಆ ದಪ್ಪ ಹನಿ. ಸ್ವಲ್ಪ ಹೊತ್ತಿನಲ್ಲೇ ಹಾಲಿನ ಮಾಡು ತೊಟ್ಟಿಕ್ಕಿತು. ಸದಾನಂದ ಬಕೆಟ್ಟು ತಂದಿಟ್ಟ. ಹರಿಣಿ ಕೈಯ ತುತ್ತು ಬಿಟ್ಟು ಎದ್ದು ಕೆಳಗೆ ಓಡಿದಳು. ಗಾಡಿಗೆ ಹತ್ತಿ ಬಾಗಿಲು ಎಳೆದು ಚಿಲಕ ಹಾಕಿದಳು.

ಒಳಗೆ ಕತ್ತಲೆ. ಮಾಡಿನ ಮೇಲೆ ಮಳೆ ಹುರಿಗಡಲೆ ಸುರಿದಂತೆ ಸದ್ದು ಮಾಡುತ್ತಿತ್ತು. ಅವಳು ಮೂಲೆ ಮೂಲೆ ಮುಟ್ಟಿದಳು. ಕಿಟಕಿಯ ಕೆಳಗೆ ಮುಟ್ಟಿದಳು. ಹಾಸಿಗೆ ಎತ್ತಿ ಪ್ಲೈವುಡ್ಡಿಗೆ ಕೆನ್ನೆ ಇಟ್ಟು ನೋಡಿದಳು. ಒಣಗಿತ್ತು, ಎಲ್ಲವೂ ಒಣಗಿತ್ತು. ಮಂಚದ ಮೇಲೆ ಕೂತು, ಇಷ್ಟು ವರ್ಷ ಯಾವುದಕ್ಕಾಗಿ ಹಂಬಲಿಸಿದ್ದಳೋ ಅದರೊಳಗೆ ಇದ್ದೇನೆಂದು ತನಗೆ ತಾನೇ ಹೇಳಿಕೊಂಡಳು.

ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಶೀಲಾವತಿ. ಒಂದು ಕಡ್ಡಿ ಮುರಿದ ಕೊಡೆ, ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿದ ಸೀರೆ.

“ಆಚೆ ಸರಿ.”

ಹತ್ತಿದಳು. ಹನಿ ಹುಡುಕಲು ಬಂದವಳು ಅದರಲ್ಲಿ ಮೋಸ ಮಾಡಲಿಲ್ಲ. ಅಂಗೈಯನ್ನು ಸೀರೆಗೆ ಒರೆಸಿಕೊಂಡು ಗೋಡೆಯ ಉದ್ದಕ್ಕೂ ಸವರಿದಳು, ಸಂದಿನಲ್ಲಿ ಉಗುರು ಹಾಕಿದಳು, ಮಾಡಿನ ಮೂಲೆಗೆ ಬೆರಳು ಒತ್ತಿ ಆ ಬೆರಳನ್ನು ನೋಡಿದಳು. ಕೊನೆಗೆ ಶೀಲಾವತಿ ಏನೂ ಹೇಳದೆ ಕೆಳಗಿಳಿದು ಕೊಡೆ ಬಿಡಿಸಿದಳು. ಕರಾರಿನ ಪ್ರಕಾರ ಅವಳ ಬಾಯಿ ಮುಚ್ಚಿತ್ತು.

ಎರಡನೆಯ ಮಾಳಿಗೆಯ ಕಿಟಕಿ ತೆರೆಯಿತು. ಅತ್ತೆ ಮತ್ತೆ ಎಣ್ಣೆ ಹಚ್ಚಲಿಕ್ಕೆ ಬಂದಳಾ ಎಂದು ರೂಪಾಲಿ ಮಳೆಯನ್ನೂ ಮೀರಿಸಿ ಮರಾಠಿಯಲ್ಲಿ ಕೂಗಿದಳು. ಅವಳ ಹಿಂದೆ ಇನ್ನೂ ಯಾರೋ ನಕ್ಕರು.

ಹರಿಣಿ ಗಾಡಿಯ ಅಂಚಿಗೆ ನುಗ್ಗಿದಳು. “ರೂಪಾಲಿ, ಅದು...”

ಶೀಲಾವತಿ ತಿರುಗಿ ಅವಳ ಮಣಿಕಟ್ಟು ಹಿಡಿದಳು, ಬಳೆ ಒತ್ತಿ ನೋಯುವಷ್ಟು ಗಟ್ಟಿಯಾಗಿ. ಆಮೇಲೆ ಮುಖವನ್ನು ಮೇಲೆತ್ತಿ, ಹೌದು, ಹಚ್ಚಲಿಕ್ಕೇ ಬಂದದ್ದು, ನಿನಗೂ ಹಚ್ಚಬೇಕಾದರೆ ಇಳಿದು ಬಾ ಎಂದು ಅದೇ ಮರಾಠಿಯಲ್ಲಿ ಕೂಗಿದಳು. ಕಿಟಕಿ ಮುಚ್ಚಿತು.

“ಅತ್ತೆ...”

“ಬಾಗಿಲು ಹಾಕಿಕೊ,” ಎಂದಳು ಶೀಲಾವತಿ, ಮಣಿಕಟ್ಟು ಬಿಡುತ್ತ. “ನೀರು ಒಳಗೆ ಬರ್ತದೆ.”

ಅವಳು ಕೆಸರು ತಪ್ಪಿಸಿಕೊಳ್ಳುತ್ತ ಮೆಟ್ಟಿಲ ಕಡೆ ನಡೆದಳು. ಮುರಿದ ಕಡ್ಡಿಯ ಬದಿಯಿಂದ ನೀರು ಅವಳ ಬಲಭುಜದ ಮೇಲೆ ಇಳಿಯುತ್ತಿತ್ತು. ಹರಿಣಿ ಬಾಗಿಲಿನ ಹಿಡಿ ಹಿಡಿದುಕೊಂಡು ನಿಂತೇ ಇದ್ದಳು. ಇರಚಲು ಒಳಗೆ ಹೊಡೆದು ಹಾಸಿಗೆಯ ಅಂಚು ಒದ್ದೆಯಾಗುತ್ತ ಬಂತು. ಬಾಗಿಲು ಎಳೆದುಕೊಳ್ಳಲು ಅವಳ ಕೈ ಬರಲಿಲ್ಲ.